ಕೋಡಿ ಎಲ್ಲಿ ಬೀಳುತ್ತೆ ಅಂತ ಕೇಳಿ ಸಹಿ ಹಾಕಿ ಸ್ವಾಮಿ!

ಹೈದರಾಬಾದಿನಲ್ಲಿ ಸೈಟು ಮಾರುವವರಿಗೆ "ಲೇಕ್ ವ್ಯೂ" ಎಂಬ ಎರಡು ಪದ ಸಿಕ್ಕರೆ ಸಾಕು, ಗಜಕ್ಕೆ ಇನ್ನಷ್ಟು ದುಡ್ಡು ಏರಿಸುತ್ತಾರೆ. ನಮಗೆ ಕೆರೆ ಕಾಣುತ್ತೆ ಅಂತಾರೆ. ಕೆರೆಗೆ ನಾವೂ ಕಾಣ್ತೀವಿ ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ!

ಈ ಊರಿಗೆ ಬಂದು ಎರಡು ದಶಕ ದಾಟಿತು. ಬ್ಯಾಂಕಿನ ಕೆಲಸ, ಗೃಹಸಾಲದ ಫೈಲುಗಳ ನಡುವೆಯೇ ತಲೆ ಬೆಳ್ಳಗಾಗಿದೆ. ಅದೇ ಅನುಭವದಿಂದ ಹೇಳ್ತೀನಿ, ಕೆರೆ ದಂಡೆಯ ಲೇಔಟಿಗೆ ಅನುಮತಿ ಕೊಡುವ ಮೊದಲು ನಡೆಯುವ "ಪರಿಶೀಲನೆ" ಅಂದ್ರೆ ಹೊಣೆ ಇಲ್ಲದ ಸಹಿಗಳ ಒಂದು ಸಾಲು. ಸಹಿ ಹಾಕಿದವರು ಹೊಣೆ ಹೊರುವ ತನಕ ಎಷ್ಟು ಬುಲ್ಡೋಜರ್ ಬಂದರೂ ಕೆರೆ ಉಳಿಯಲ್ಲ.

ನಿಯಮ ಇಲ್ಲ ಅಂತಲ್ಲ. 2012ರ ಸರ್ಕಾರಿ ಆದೇಶ 168ರ ಪ್ರಕಾರ 10 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಕೆರೆಯ ಸುತ್ತ 30 ಮೀಟರ್, ಚಿಕ್ಕ ಕೆರೆಗೆ 9 ಮೀಟರ್ ಜಾಗ ಖಾಲಿ ಬಿಡಬೇಕು. ಎಲ್ಲಿಂದ ಅಳೆಯಬೇಕು? ಎಫ್‌ಟಿಎಲ್ ಅನ್ನುವ ಗೆರೆಯಿಂದ. ಹೆಸರು ಕೇಳಿ ಹೆದರಬೇಡಿ, ನಮ್ಮ ಊರಿನ ಭಾಷೆಯಲ್ಲಿ ಅದು ಕೆರೆ ತುಂಬಿ ಕೋಡಿ ಬೀಳುವಾಗ ನೀರು ಎಲ್ಲಿಯವರೆಗೆ ನಿಲ್ಲುತ್ತೋ ಆ ಗೆರೆ. ಆಟ ಇರುವುದೇ ಇಲ್ಲಿ. ಕೋಡಿಯನ್ನು ಎರಡಡಿ ತಗ್ಗಿಸಿ ನೋಡಿ, ನೀರು ಹಿಂದೆ ಸರಿಯುತ್ತೆ, ಗೆರೆಯೂ ಸರಿಯುತ್ತೆ, ಎಕರೆಗಟ್ಟಲೆ ಕೆರೆ ರಾತ್ರೋರಾತ್ರಿ "ದಂಡೆ" ಆಗಿಬಿಡುತ್ತೆ. ಏಪ್ರಿಲ್ ತಿಂಗಳಲ್ಲಿ ಸ್ಥಳ ನೋಡಲು ಹೋದವರ ಕಣ್ಣಿಗೆ ಒಣಗಿದ ಬಯಲು, ಎರಡು ಎಮ್ಮೆ. ಬರೆದುಕೊಡ್ತಾರೆ: ಆಕ್ಷೇಪಣೆ ಇಲ್ಲ.

ಇನ್ನೊಂದು ಪದ "ಶಿಖಂ". ನಿಜಾಮರ ಕಾಲದ ಕಂದಾಯ ಪದ. ಕೆರೆಯಂಗಳದ ಜಮೀನು ಅಂತ ಅರ್ಥ. ಕೆಲವು ಕಡೆ ಇದಕ್ಕೂ ಖಾಸಗಿ ಪಟ್ಟಾ ಇದೆ. ನೀರು ಇಳಿದಾಗ ಬೆಳೆ ತೆಗೆಯಬಹುದು, ಕಟ್ಟಡ ಕಟ್ಟುವಂತಿಲ್ಲ. ಈಗ ಗಮನಿಸಿ: ವಕೀಲರು ದಶಕಗಳ ಹಕ್ಕುಪತ್ರ ತಿರುವಿ "ಟೈಟಲ್ ಕ್ಲಿಯರ್" ಅಂತ ಬರೆದರೆ ಅದು ಸುಳ್ಳಲ್ಲ. ಜಮೀನು ಅವನದೇ. ಆದರೆ ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತಾ ಅನ್ನೋ ಪ್ರಶ್ನೆಗೆ ಟೈಟಲ್‌ನಲ್ಲಿ ಉತ್ತರ ಇರಲ್ಲ. ಆ ಪ್ರಶ್ನೆ ಕೇಳಬೇಕಾದ್ದು ಯೋಜನಾ ಇಲಾಖೆ. ಅವರು ನೀರಾವರಿ ಇಲಾಖೆಯ ಪತ್ರ ನೋಡ್ತಾರೆ. ನೀರಾವರಿಯವರು ಕಂದಾಯದ ನಕ್ಷೆ ನೋಡ್ತಾರೆ. ಬ್ಯಾಂಕು ಈ ಮೂವರ ಮುದ್ರೆ ನೋಡುತ್ತೆ. ಕೊಳ್ಳುವವನು ಬ್ಯಾಂಕು ಸಾಲ ಕೊಟ್ಟಿದೆಯಲ್ಲ ಅಂತ ನಂಬ್ತಾನೆ. ಕೆರೆಯನ್ನು ನೋಡಿದವರು ಯಾರು? ಯಾರೂ ಇಲ್ಲ.

ನೀರು ಮಾತ್ರ ತನ್ನ ಜಾಗ ಮರೆಯಲ್ಲ. 2020ರ ಅಕ್ಟೋಬರ್ ನೆನಪಿದೆಯಲ್ಲ? ಗುರ್ರಂ ಚೆರುವಿನ ಏರಿ ಒಡೆದು ಹಳೇ ನಗರದ ಕಾಲೋನಿಗಳಿಗೆ ನೀರು ನುಗ್ಗಿತು. ಟೋಲಿಚೌಕಿಯ ನದೀಂ ಕಾಲೋನಿ ದಿನಗಟ್ಟಲೆ ನೀರಲ್ಲಿ ನಿಂತಿತ್ತು. ಅದೇ ವರ್ಷ ಸರ್ಕಾರ ಏನು ಮಾಡಿತ್ತು ಗೊತ್ತಾ? ಅನಧಿಕೃತ ಲೇಔಟುಗಳ ಸಕ್ರಮ ಯೋಜನೆ ತಂದಿತ್ತು, 25 ಲಕ್ಷಕ್ಕೂ ಹೆಚ್ಚು ಅರ್ಜಿ ಬಂದವು. ಅದೇ ವರ್ಷದ ಟಿಎಸ್-ಬಿಪಾಸ್ ಕಾಯ್ದೆಯಲ್ಲಿ ಅನುಮತಿಗೆ 21 ದಿನದ ಗಡುವು. ಕಡತ ಬೇಗ ಸಾಗಲಿ, ಬೇಡ ಅನ್ನಲ್ಲ. ಆದರೆ 21 ದಿನದಲ್ಲಿ ಒಂದು ಮಳೆಗಾಲವನ್ನು ನೋಡಲು ಆಗುತ್ತಾ?

2024ರ ಜುಲೈನಲ್ಲಿ ಹೈಡ್ರಾ ಬಂತು. ಆಗಸ್ಟ್‌ನಲ್ಲಿ ಮಾದಾಪುರದ ತಮ್ಮಿಡಿಕುಂಟ ಪಕ್ಕದ ದೊಡ್ಡ ಕನ್ವೆನ್ಷನ್ ಸೆಂಟರ್ ಕೆಡವಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ತಿಂಗಳು ಸಣ್ಣವರ ಮನೆಗಳ ಸರದಿ. ವಾರಾಂತ್ಯದಲ್ಲಿ ಕೆಡವುವ ಆತುರವೇಕೆ ಎಂದು ಹೈಕೋರ್ಟೇ ತರಾಟೆಗೆ ತೆಗೆದುಕೊಂಡಿತು. ಕೆಲವು ಅಧಿಕಾರಿಗಳ ಮೇಲೂ ಕೇಸಾಯಿತು, ಒಳ್ಳೇದೇ. ಆದರೆ ಎಲ್ಲ ಕಟ್ಟಿದ ಮೇಲೆ! ಮನೆ ಬಿದ್ದವನ ಇಎಂಐ ಮಾತ್ರ ಬೀಳಲ್ಲ ಸ್ವಾಮಿ, ಮುಂದಿನ ತಿಂಗಳೂ ಕಟ್ಟಬೇಕು.

ನಮ್ಮ ಬ್ಯಾಂಕುಗಳಲ್ಲಿ 90 ದಿನ ಕಂತು ಬಾಕಿಯಾದರೆ ಸಾಲ ಎನ್‌ಪಿಎ. ಆಮೇಲೆ ಮೊದಲ ಪ್ರಶ್ನೆ: ಸಹಿ ಹಾಕಿದ್ದು ಯಾರು? ವರ್ಗವಾಗಿ ಹೋಗಿದ್ದರೂ ಹುಡುಕಿ ವಿವರಣೆ ಕೇಳ್ತಾರೆ. ಒಂದು ಸಾಲಕ್ಕೆ ಇಷ್ಟು ಲೆಕ್ಕ ಇದ್ದರೆ, ಒಂದು ಕೆರೆಗೆ ಬೇಡವೇ?

"ಹಾಗಾದ್ರೆ ಜನಕ್ಕೆ ಮನೆ ಬೇಡ್ವಾ?" ಅಂತ ಕೇಳುವವರಿದ್ದಾರೆ. ಬೇಕು. ಅದಕ್ಕೇ ಹೇಳ್ತಿರೋದು, ಕೆಡವಬೇಕಾಗದ ಮನೆ ಬೇಕು.

ನಮ್ಮವರು ಹೆಮ್ಮೆ ಪಡುವ ಒಂದು ಸಂಗತಿ ಇದೆ. 1908ರಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತಾಗ ನಿಜಾಮರು ಕರೆಸಿದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಮೇಲ್ಗಡೆ ನೀರು ತಡೆದು ನಿಲ್ಲಿಸಿ ಅಂದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆಯಿತು. ಅವುಗಳ ಸುತ್ತಲಿನ 84 ಹಳ್ಳಿಗಳಿಗೆ 1996ರಲ್ಲಿ ಹಾಕಿದ 111ರ ಕಟ್ಟುಪಾಡನ್ನೂ 2022ರಲ್ಲಿ ಸಡಿಲಿಸಿದರು. ಸೆಪ್ಟೆಂಬರ್ 15ಕ್ಕೆ ಫೋಟೋಗೆ ಹಾರ ಹಾಕಿದರೆ ಸಾಲದು.

ಬೆಂಗಳೂರಲ್ಲೂ ಮೀಟರ್ ಜಗಳವೇ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗಳಿಗೆ 75 ಮೀಟರ್ ಅಂದಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಎಷ್ಟು ಮೀಟರ್ ಅನ್ನೋದಕ್ಕೆ ಕೋರ್ಟು ಇದೆ. ಎಲ್ಲಿಂದ ಅಳೆದಿರಿ, ಅಳೆದವರು ಯಾರು ಅನ್ನೋದಕ್ಕೆ?

ನನ್ನ ಬೇಡಿಕೆ ನಾಲ್ಕೇ. ಒಂದು, ಅಂತಿಮ ಅಧಿಸೂಚನೆ ಆಗದ ಕೆರೆಯ ಪಕ್ಕ ಯಾವ ಲೇಔಟ್ ಅರ್ಜಿಯನ್ನೂ ತೆಗೆದುಕೊಳ್ಳಬಾರದು. ಎರಡು, ಗೆರೆಯ ಮೇಲೆ ಕಲ್ಲು ನೆಟ್ಟು ಒಂದು ಮಳೆಗಾಲ ಕಾಯಬೇಕು. ಮೂರು, ನಕ್ಷೆಯನ್ನು ತೆಲುಗು, ಉರ್ದುವಿನಲ್ಲಿ ಆ ಊರಲ್ಲೇ ಅಂಟಿಸಿ ಸಭೆ ಕರೆಯಬೇಕು, ಕೋಡಿ ಎಲ್ಲಿ ಬೀಳುತ್ತಿತ್ತು ಅಂತ ಅಲ್ಲಿಯ ಮುದುಕರಿಗೆ ಗೊತ್ತಿರುತ್ತೆ. ನಾಲ್ಕು, ಸಹಿ ಹಾಕಿದವರ ಹೆಸರು ಅನುಮತಿ ಪತ್ರದಲ್ಲಿ ಅಚ್ಚಾಗಬೇಕು. ಮನೆ ಬಿದ್ದರೆ ಮೊದಲ ನೋಟಿಸ್ ಅವರಿಗೆ.

ಅಲ್ಲಿಯವರೆಗೆ, ನಿವೃತ್ತಿಯ ದುಡ್ಡು ಹಿಡಿದು ಸೈಟು ಹುಡುಕುತ್ತಿರುವ ಮಿತ್ರರೇ, ಬ್ಯಾಂಕು ಸಾಲ ಕೊಡುತ್ತೆ ಅನ್ನೋದನ್ನೇ ಪ್ರಮಾಣಪತ್ರ ಅಂದುಕೊಳ್ಳಬೇಡಿ. ಒಬ್ಬ ಬ್ಯಾಂಕಿನವನೇ ಹೇಳ್ತಿದ್ದೀನಿ. ಸೈಟು ನೋಡೋಕೆ ಏಪ್ರಿಲ್‌ನಲ್ಲಿ ಹೋಗಬೇಡಿ, ಅಕ್ಟೋಬರ್‌ನಲ್ಲಿ ಹೋಗಿ.