ದೀಪದ ಮಾತು ಕೇಳೋಣ, ಊಹೆಗೆ ಹಣ ತೆರುವುದನ್ನು ಬಿಡೋಣ

ಉಂಡೆಕೊಬ್ಬರಿಯ ವ್ಯಾಪಾರದಲ್ಲಿ ಪಳಗಿದವರು ಅಟ್ಟದ ಮೇಲಿನ ಕಾಯಿಯನ್ನು ಸುಲಿಯುವ ಮುನ್ನ ಒಮ್ಮೆ ಕುಲುಕಿ ನೋಡುತ್ತಾರೆ. ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಸದ್ದು ಮಾಡಿದರೆ ಮಾತ್ರ ಸುಲಿತಕ್ಕೆ ಕೈ ಹಾಕುತ್ತಾರೆ. ಇಷ್ಟು ವಿವೇಕವುಳ್ಳ ನಾವು ಹಳೆಯ ಡೀಸೆಲ್ ವ್ಯಾನಿನ ವಿಷಯದಲ್ಲಿ ಮಾತ್ರ ಪರೀಕ್ಷೆಗೆ ಮೊದಲೇ ಹಣ ಬಿಚ್ಚುತ್ತೇವೆ.

ಬಿಳಿಗೆರೆಯಿಂದ ತಿಪಟೂರಿನ ಮಾರುಕಟ್ಟೆಗೆ ಚೀಲ ಸಾಗಿಸುವ ನಮ್ಮ ವ್ಯಾನಿನಲ್ಲಿ ಬ್ಯಾಟರಿ ಗುರುತಿನ ಕೆಂಪು ದೀಪ ಆಗಾಗ್ಗೆ ಮಂದವಾಗಿ ಉರಿಯತೊಡಗಿತು. ಗ್ಯಾರೇಜಿನವರು ಮೊದಲು ಬ್ಯಾಟರಿ ಬದಲಿಸಿದರು. ಬಳಿಕ ಆಲ್ಟರ್ನೇಟರ್ ಬದಲಿಸಿದರು. ದೀಪ ಆರಲಿಲ್ಲ. ಕೊನೆಗೆ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ನಮ್ಮ ಚಾಲಕನನ್ನು ಕೇಳಿದ್ದು ಒಂದೇ ಪ್ರಶ್ನೆ: "ಇದು ಯಾವಾಗ ಉರೀತದಪ್ಪಾ?" ರಾತ್ರಿ ಹೆಡ್‌ಲೈಟ್ ಹಾಕಿದಾಗ ಎಂಬುದು ಉತ್ತರ. ಎಂಜಿನ್ ಓಡುತ್ತಿರುವಂತೆಯೇ ಹೆಡ್‌ಲೈಟ್ ಹಾಕಿಸಿ ಮೀಟರ್ ಹಿಡಿದರು. ಆಲ್ಟರ್ನೇಟರಿನ ಬಳಿ 14.2 ವೋಲ್ಟ್, ಬ್ಯಾಟರಿಯ ಬಳಿ 12.9. ನಡುವಿನ ತಂತಿಯ ಜೋಡಣೆಗೆ ಕಿಲುಬು ಹಿಡಿದಿತ್ತು. ಉಜ್ಜಿ ಬಿಗಿದದ್ದೇ ರಿಪೇರಿ! ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳದಿದ್ದ ತಪ್ಪು ಗ್ಯಾರೇಜಿನವರದಷ್ಟೇ ಅಲ್ಲ, ನನ್ನದೂ ಹೌದು.

ಕೆಂಪು ದೀಪವನ್ನು ಅಲಕ್ಷಿಸುವುದೂ ಅಷ್ಟೇ ಅಪಾಯಕರ. ಆಯಿಲ್ ದೀಪ ಹತ್ತಿದರೆ ತಕ್ಷಣ ಗಾಡಿ ನಿಲ್ಲಿಸಿ ಎಂಜಿನ್ ಆರಿಸಬೇಕು. ಆಯಿಲ್ ಮಟ್ಟ ಸರಿಯಿದ್ದರೆ, ಎಂಜಿನ್ ಬಿಚ್ಚಿಸುವ ಮೊದಲು ಗೇಜ್ ಜೋಡಿಸಿ ಒತ್ತಡ ಅಳೆಯಬೇಕು. ಕೆಟ್ಟಿರುವುದು ಬರಿಯ ಸ್ವಿಚ್ ಇರಬಹುದು. ಇನ್ನು, ಅನೇಕ ಹಳೆಯ ಡೀಸೆಲ್ ವಾಹನಗಳಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಬೆಲ್ಟ್ ಹರಿದರೆ ಚಾರ್ಜಿನ ಜೊತೆಗೆ ಬ್ರೇಕಿನ ಬಲವೂ ಕುಗ್ಗಿ ಪೆಡಲ್ ಕಲ್ಲಾಗುತ್ತದೆ. 'ಬರೀ ಬ್ಯಾಟರಿ ದೀಪ ತಾನೇ' ಎಂದು ತುಂಬಿದ ಗಾಡಿಯನ್ನು ಮುಂದೋಡಿಸುವವರು ಇದನ್ನು ನೆನಪಿಡಬೇಕು.

ಎಂಜಿನ್ ಚಿತ್ರದ ಹಳದಿ ದೀಪವಿರುವ ವಾಹನಗಳಿಗೆ ಸ್ಕ್ಯಾನರ್ ಇದೆ. ಆದರೆ ಸ್ಕ್ಯಾನರಿನ ಕೋಡ್ ದೋಷವಿರುವ ಕಡೆಗೆ ಬೆರಳು ತೋರಿಸುತ್ತದೆಯೇ ಹೊರತು ಯಾವ ಬಿಡಿಭಾಗ ಕೊಳ್ಳಬೇಕೆಂದು ಹೇಳುವುದಿಲ್ಲ. ಗೋದಾಮಿನ ಇಲಿ ಕಡಿದ ತಂತಿ, ನಾರಿನ ಪುಡಿ ಕಟ್ಟಿದ ಏರ್ ಫಿಲ್ಟರ್, ಡೀಸೆಲ್‌ನಲ್ಲಿ ಬೆರೆತ ನೀರು, ಇವನ್ನು ಮೊದಲು ಕಣ್ಣಾರೆ ನೋಡಬೇಕು.

ಆದ್ದರಿಂದ ಸದಸ್ಯ ಬಂಧುಗಳಲ್ಲಿ ನನ್ನ ಸಲಹೆ ಮೂರು. ಒಂದು, ಪರೀಕ್ಷೆಯ ಕೂಲಿಯನ್ನು ಪ್ರತ್ಯೇಕವಾಗಿ, ಚೌಕಾಸಿ ಮಾಡದೆ ಕೊಡಿ. ಪತ್ತೆ ಹಚ್ಚುವ ಶ್ರಮಕ್ಕೆ ಬೆಲೆ ಸಿಗದಿದ್ದರೆ ಮೆಕ್ಯಾನಿಕ್ ಬಿಡಿಭಾಗದ ಮಾರಾಟದಲ್ಲಿಯೇ ಹೊಟ್ಟೆ ಹೊರೆಯಬೇಕಾಗುತ್ತದೆ. ಎರಡು, ಪ್ರತಿ ಗಾಡಿಯಲ್ಲಿ ಒಂದು ಪುಸ್ತಕವಿಡಿ; ದೀಪ ಯಾವಾಗ, ಯಾವ ಸ್ಥಿತಿಯಲ್ಲಿ ಹತ್ತಿತೆಂದು ಚಾಲಕ ಬರೆಯಲಿ. ಮೂರು, ಮೀಟರ್, ಗೇಜ್, ಸ್ಕ್ಯಾನರ್‌ಗಳನ್ನು ಒಬ್ಬೊಬ್ಬರೇ ಕೊಳ್ಳುವುದು ಭಾರವಾದರೆ ಸಂಘದ ವತಿಯಿಂದ ಒಂದು ಜೊತೆ ಇಡೋಣ.

ಕಿರಿಕಿರಿಯೆಂದು ಬಲ್ಬನ್ನೇ ಕೀಳಿಸುವವರೂ ನಮ್ಮಲ್ಲಿದ್ದಾರೆ. ಲೆಕ್ಕ ತಪ್ಪಿದೆಯೆಂದ ಗುಮಾಸ್ತನನ್ನು ಅಂಗಡಿಯಿಂದ ಹೊರಹಾಕಿದರೆ ನಷ್ಟ ನಿಲ್ಲುವುದೇ? ವ್ಯಾನಿನಲ್ಲಿ ಸರಕಿನ ಜೊತೆ ಚಾಲಕನ ಜೀವವೂ ಇರುತ್ತದೆಂಬುದನ್ನು ಮಾಲೀಕರಾದ ನಾವು ಮರೆಯಲಾಗದು.