ಸಿಪ್ಪೆಯೇಳುವ ಕೃತಕ ಚರ್ಮವೂ ಶ್ರಾವಕನ ವಿವೇಕವೂ

ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಕೆಲವರು ದೂರಪ್ರಯಾಣಕ್ಕೆ ‘ಮೋಟರ್‌ಹೋಮ್’ ಎಂಬ ಮನೆವಾಹನವನ್ನು ಆಶ್ರಯಿಸುವುದು ಆಕ್ಷೇಪಾರ್ಹವಾದುದಲ್ಲ. ಒಲೆ, ನೀರಿನ ತೊಟ್ಟಿ, ಹಾಸಿಗೆಗಳೆಲ್ಲವೂ ಚಕ್ರಗಳ ಮೇಲೆಯೇ ಇರುವುದರಿಂದ, ಕಂದಮೂಲವರ್ಜಿತವಾದ ಆಹಾರವನ್ನು ತಾವೇ ಸಿದ್ಧಪಡಿಸಿ ಸೂರ್ಯಾಸ್ತಕ್ಕೆ ಮುನ್ನ ಸೇವಿಸುವ ನಿಯಮವು ಪರದೇಶದ ಹೆದ್ದಾರಿಯಲ್ಲಿಯೂ ಸುಲಭಸಾಧ್ಯವಾಗುತ್ತದೆ. ಆದರೆ ಆ ವಾಹನಗಳ ಆಸನಗಳಿಗೆ ಹೊದಿಸಿದ ಕೃತಕ ಚರ್ಮವು ಕೆಲವೇ ವರ್ಷಗಳಲ್ಲಿ ಸಿಪ್ಪೆಸಿಪ್ಪೆಯಾಗಿ ಎದ್ದು, ಉಟ್ಟ ಬಟ್ಟೆಗೆ ಅಂಟಿ, ನೆಲದ ತುಂಬ ಉದುರತೊಡಗಿದಾಗ ನಮ್ಮವರ ಬಾಯಿಂದಲೇ ಒಂದು ವಾದ ಹೊರಡುತ್ತಿದೆ: “ಕೃತಕದ ಗತಿ ಇಷ್ಟೇ. ನಿಜವಾದ ಚರ್ಮವಾದರೆ ಬಹುಕಾಲ ಬಾಳುತ್ತದೆ. ಹೇಗಿದ್ದರೂ ಅದು ಮಾಂಸದ ಉದ್ಯಮದ ಉಳಿಕೆ ತಾನೆ?” ಇದೇ ಮಾತು ಇಲ್ಲಿನ ಸಭಾಭವನಗಳ ಸೋಫಾ, ಕುರ್ಚಿಗಳ ವಿಷಯದಲ್ಲಿಯೂ ಕೇಳಿಬರುತ್ತಿದೆ. ಉತ್ತರಿಸದೆ ಬಿಟ್ಟರೆ ಇದು ನಾಳೆ ನಡಾವಳಿಯಾಗಿ ಬಿಡುವುದರಲ್ಲಿ ಸಂದೇಹವಿಲ್ಲ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯೋಣ. ನಾವು ದಿನನಿತ್ಯ ಬಳಸುವ ‘ರೆಕ್ಸಿನ್’ ಎಂಬ ಹೆಸರು ಮೂಲತಃ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಊರಿನ ಕಂಪನಿಯೊಂದರದು. ಬಟ್ಟೆಗೆ ಸೆಲ್ಯುಲೋಸ್ ನೈಟ್ರೇಟ್ ಲೇಪಿಸಿ, ಚರ್ಮದ ಗೆರೆಗಳನ್ನು ಅಚ್ಚೊತ್ತಿ ಅದನ್ನು ತಯಾರಿಸುತ್ತಿದ್ದರು. ಇಂದು ಆ ಹೆಸರಿನಲ್ಲಿ ಮಾರಾಟವಾಗುವುದು ಬಹುಮಟ್ಟಿಗೆ ಪಿವಿಸಿ ಲೇಪಿತ ಬಟ್ಟೆ. ಅದನ್ನು ಮೆತ್ತಗಿರಿಸಲು ಬೆರೆಸಿದ ದ್ರವ್ಯವು ಬಿಸಿಲಿಗೆ ಕ್ರಮೇಣ ಹೊರಬಿದ್ದಾಗ ಅದು ಗಡುಸಾಗಿ ಬಿರಿಯುತ್ತದೆ. ಸಿಪ್ಪೆಯೇಳುವ ರೋಗವಾದರೋ ಮುಖ್ಯವಾಗಿ ಪಾಲಿಯುರಿಥೇನ್, ಅರ್ಥಾತ್ ‘ಪಿಯು’ ಲೇಪದ್ದು. ಅಗ್ಗದ ಪಿಯುವಿನಲ್ಲಿರುವ ಎಸ್ಟರ್ ಬಂಧಗಳನ್ನು ಗಾಳಿಯಲ್ಲಿನ ತೇವಾಂಶವೇ ಕತ್ತರಿಸುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕೆ ಜಲವಿಚ್ಛೇದನವೆಂದು ಹೆಸರು. ಉಷ್ಣವು ಈ ಕ್ರಿಯೆಯನ್ನು ತ್ವರೆಗೊಳಿಸುತ್ತದೆ. ತಲೆಗೆ ಹಚ್ಚಿದ ಎಣ್ಣೆ, ಬೆವರು, ಆಲ್ಕೋಹಾಲ್ ಬೆರೆತ ಶುಚಿಕಾರಕಗಳು ಲೇಪವನ್ನು ಮತ್ತಷ್ಟು ದುರ್ಬಲಗೊಳಿಸುತ್ತವೆ. ಕಿಟಕಿ ಮುಚ್ಚಿ ತಿಂಗಳುಗಟ್ಟಲೆ ಬಿಸಿಲಿನಲ್ಲಿ ನಿಲ್ಲಿಸಿದ ವಾಹನದಲ್ಲಿ, ಯಾರೂ ಕೂರದ ಆಸನವೂ ಸುಲಿಯುವುದು ಈ ಕಾರಣದಿಂದಲೇ. ಆದುದರಿಂದ ‘ಬಳಸಿದವರು ಜೋಪಾನ ಮಾಡಲಿಲ್ಲ’ ಎಂಬ ಮಾರಾಟಗಾರರ ಸಮಜಾಯಿಷಿಯು ಅರ್ಧಸತ್ಯ. ಈಥರ್ ಅಥವಾ ಕಾರ್ಬೊನೇಟ್ ಮೂಲದ ಪಿಯು ಲೇಪಗಳು ತೇವವನ್ನು ಬಹುಕಾಲ ತಡೆಯುತ್ತವೆ, ಆದರೆ ಅವುಗಳ ಬೆಲೆ ಹೆಚ್ಚು. ಲೇಪಿತ ಬಟ್ಟೆಯನ್ನು ಹೆಚ್ಚಿನ ಉಷ್ಣ ಮತ್ತು ಆರ್ದ್ರತೆಯಲ್ಲಿ ವಾರಗಟ್ಟಲೆ ಇರಿಸಿ ಅದರ ಬಾಳಿಕೆಯನ್ನು ಅಳೆಯುವ ಪರೀಕ್ಷೆಯೂ ಉದ್ಯಮದಲ್ಲಿ ರೂಢಿಯಲ್ಲಿದೆ. ಅಂದಮೇಲೆ ತಯಾರಕನಿಗೆ ತನ್ನ ಸರಕಿನ ಆಯುಸ್ಸು ತಿಳಿಯದೆಂದು ಹೇಳಲಾಗದು. ತಿಳಿಯದಿರುವುದು ಕೊಳ್ಳುವವನಿಗೆ ಮಾತ್ರ.

ಇದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ಸಿಪ್ಪೆಯೇಳುವುದೆಲ್ಲವೂ ಕೃತಕವಲ್ಲ! ‘ಬಾಂಡೆಡ್ ಲೆದರ್’ ಎಂಬ ಹೆಸರಿನ ಹೊದಿಕೆಯೊಂದು ಮಾರುಕಟ್ಟೆಯಲ್ಲಿದೆ. ಚರ್ಮದ ಕಾರ್ಖಾನೆಗಳಲ್ಲಿ ಉಳಿದ ಚೂರುಪಾರುಗಳನ್ನು ಅರೆದು, ಅಂಟಿನೊಡನೆ ಕಲಸಿ ಹಾಳೆ ಮಾಡಿ, ಮೇಲೆ ಪಿಯು ಬಳಿದು ಅದನ್ನು ತಯಾರಿಸುತ್ತಾರೆ. ಅದೂ ಹೀಗೆಯೇ ಸುಲಿಯುತ್ತದೆ, ನೋಟಕ್ಕೂ ಹೀಗೆಯೇ ಇರುತ್ತದೆ. ‘ಸುಲಿಯುತ್ತಿದೆ, ಆದ್ದರಿಂದ ಕೃತಕ, ಕೃತಕ, ಆದ್ದರಿಂದ ನಿರ್ದೋಷ’ ಎಂದು ನಂಬಿ ಅದರ ಮೇಲೆ ಕುಳಿತು ಜಪಮಾಲೆ ಹಿಡಿದವರು ಎಷ್ಟು ಮಂದಿಯೋ! ಅದರಲ್ಲಿನ ಚರ್ಮದ ಪ್ರಮಾಣ ಅಲ್ಪವೆಂಬ ಸಮಾಧಾನ ನಮಗೆ ಸಲ್ಲದು. ತುಪ್ಪದಲ್ಲಿ ಕೊಬ್ಬು ಬೆರೆತಿದೆಯೆಂದರೆ ನಾವು ಶೇಕಡಾವಾರು ಕೇಳುತ್ತೇವೆಯೇ?

ಇನ್ನು ‘ಉಳಿಕೆ’ ಎಂಬ ವಾದಕ್ಕೆ ಬರೋಣ. ವ್ಯಾಪಾರದ ಲೆಕ್ಕ ಬರೆದ ಯಾರಿಗೂ ಈ ವಾದವು ಒಪ್ಪಿಗೆಯಾಗಲಾರದು. ಉಪೋತ್ಪನ್ನದ ಮಾರಾಟದಿಂದ ಬಂದ ಹಣವನ್ನು ಮುಖ್ಯ ಉತ್ಪನ್ನದ ವೆಚ್ಚದಲ್ಲಿ ಕಳೆಯುವುದು ವೆಚ್ಚಲೆಕ್ಕದ ಪ್ರಾಥಮಿಕ ಪಾಠ. ಹಿಂಡಿ ಮಾರಿದ ಹಣದಿಂದ ಗಾಣದವನ ಎಣ್ಣೆಯ ಅಸಲು ತಗ್ಗುವಂತೆ, ಚರ್ಮ ಮಾರಿದ ಹಣದಿಂದ ಕಸಾಯಿಖಾನೆಯ ಅಸಲು ತಗ್ಗುತ್ತದೆ. ಚರ್ಮಕ್ಕೆ ಬೆಲೆ ಕೊಡುವವನು ಕತ್ತಿ ಹಿಡಿಯದಿರಬಹುದು, ಆದರೆ ಕತ್ತಿಯ ಖರ್ಚಿನಲ್ಲಿ ಪಾಲು ತೆತ್ತಿರುತ್ತಾನೆ. ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಯನ್ನು ಮೂರು ಬಗೆಯಲ್ಲಿ ಎಣಿಸಿದ ಪರಂಪರೆಯಲ್ಲಿ ಹುಟ್ಟಿದವರು ಇದನ್ನು ಅರಿಯದವರಂತೆ ನಟಿಸುವುದು ಶೋಭಿಸದು.

‘ಚರ್ಮವು ಪ್ರಕೃತಿಸಹಜ, ಪ್ಲಾಸ್ಟಿಕ್ಕಿನಂತೆ ಪರಿಸರಕ್ಕೆ ಮಾರಕವಲ್ಲ’ ಎಂಬ ನವೀನ ತರ್ಕವೂ ಇದರೊಡನೆ ಸೇರಿಕೊಂಡಿದೆ. ಹಸಿ ತೊಗಲು ಹದಗೊಳ್ಳದೆ ಆಸನವಾಗುವುದಿಲ್ಲ, ಮತ್ತು ಇಂದು ಹದಮಾಡುವ ಪ್ರಧಾನ ವಿಧಾನ ಕ್ರೋಮಿಯಂ ಲವಣಗಳದು. ತಮಿಳುನಾಡಿನ ಪಾಲಾರ್ ನದಿಗೆ ಚರ್ಮದ ಕಾರ್ಖಾನೆಗಳ ಕಶ್ಮಲ ಹರಿದು ಕೃಷಿಭೂಮಿಯೂ ಕುಡಿಯುವ ನೀರೂ ಕೆಟ್ಟ ಪ್ರಕರಣದಲ್ಲಿ, ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ‘ಮಲಿನಗೊಳಿಸಿದವನೇ ದಂಡ ತೆರಬೇಕು’ ಎಂಬ ತತ್ತ್ವವನ್ನು ಎತ್ತಿಹಿಡಿಯಬೇಕಾಯಿತು. ನದಿಯನ್ನು ಕೆಡಿಸಿ ಬಂದ ವಸ್ತುವನ್ನು ಪ್ರಕೃತಿಯ ಕೊಡುಗೆಯೆಂದು ಹೊಗಳುವುದು ಎಂತಹ ನ್ಯಾಯ?

ಹಾಗೆಂದು ಕೃತಕ ಚರ್ಮಕ್ಕೆ ಪ್ರಶಸ್ತಿಪತ್ರ ಕೊಡುವುದು ಈ ಲೇಖನದ ಉದ್ದೇಶವಲ್ಲ. ಉದುರಿದ ಪ್ರತಿಯೊಂದು ಸಿಪ್ಪೆಯೂ ಪ್ಲಾಸ್ಟಿಕ್ಕಿನ ಕಣ. ಅದು ಮಣ್ಣಿಗೂ ನೀರಿಗೂ ಸೇರಿ, ಕಣ್ಣಿಗೆ ಕಾಣದ ಜೀವಿಗಳ ಒಡಲನ್ನು ಹೊಗುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನು ಮುಂದಿಟ್ಟಿರುವುದನ್ನು ಇಲ್ಲಿ ನೆನೆಯಬೇಕು. ಅದೇ ಗ್ರಂಥವು ಅಚೌರ್ಯವ್ರತದ ಅತಿಚಾರಗಳಲ್ಲಿ ‘ಪ್ರತಿರೂಪಕ ವ್ಯವಹಾರ’ವನ್ನು, ಅಂದರೆ ಒಂದರ ರೂಪದಲ್ಲಿ ಮತ್ತೊಂದನ್ನು ಮಾರುವುದನ್ನು, ಎಣಿಸಿದೆ. ಆಯುಸ್ಸನ್ನು ಮರೆಮಾಚಿ, ಘಟಕಗಳನ್ನು ಹೇಳದೆ ಆಸನ ಮಾರುವ ವರ್ತಕನು ಜೈನನಾಗಿದ್ದರೆ ಈ ಸೂತ್ರ ಅವನಿಗೇ ಹೇಳಿದ್ದು. ಕೊಳ್ಳುವವರ ವಿಷಯದಲ್ಲಿಯೂ ಒಂದು ಪ್ರಶ್ನೆಯಿದೆ. ಚರ್ಮ ಬೇಡ, ಆದರೆ ಚರ್ಮದ ವೈಭವ ಮಾತ್ರ ಬೇಕು ಎಂಬ ಹಂಬಲವೇಕೆ? ಹಿಂಸೆಯನ್ನು ಬಿಟ್ಟೆವೆಂದ ಮೇಲೆ ಅದರ ವೇಷದ ಮೇಲಿನ ಮೋಹವನ್ನೂ ಬಿಡುವುದು ತ್ಯಾಗದ ಪೂರ್ಣತೆಯಲ್ಲವೇ?

ಮೂರನೆಯ ದಾರಿಯೊಂದು ನಮ್ಮೆದುರಿಗೇ ಇದೆ. ಅದು ಬಟ್ಟೆ. ಆಸನ ಸುಲಿಯತೊಡಗಿದರೆ ಬಣ್ಣ ಬಳಿಯುವುದೂ ತೇಪೆ ಅಂಟಿಸುವುದೂ ವ್ಯರ್ಥ. ಒಮ್ಮೆ ಮುರಿದ ಬಂಧ ಮತ್ತೆ ಕೂಡುವುದಿಲ್ಲ, ತೇಪೆಯ ಪಕ್ಕದಲ್ಲಿಯೇ ಸಿಪ್ಪೆ ಏಳುತ್ತದೆ. ಇಡೀ ಆಸನವನ್ನು ಕಿತ್ತೆಸೆಯುವುದೂ ಅವಿವೇಕ. ಸಾಮಾನ್ಯವಾಗಿ ಒಳಗಿನ ಚೌಕಟ್ಟೂ ಸ್ಪಂಜೂ ಗಟ್ಟಿಯಾಗಿಯೇ ಇರುತ್ತವೆ. ಸಡಿಲವಾದ ಸಿಪ್ಪೆಯನ್ನು ಒಮ್ಮೆಗೇ ತೆಗೆದು, ಹೊರಗೆ ಹಾರಬಿಡದೆ ಚೀಲದಲ್ಲಿ ಕಟ್ಟಿ ವಿಲೇವಾರಿ ಮಾಡಿ, ಕುಶನ್ ಕೆಲಸದವರಿಂದ ದಪ್ಪ ನೇಯ್ಗೆಯ ಬಟ್ಟೆ ಹೊದಿಸಬೇಕು. ರೇಷ್ಮೆಯಂತೂ ನಮಗೆ ವರ್ಜ್ಯವೇ. ಅಮೆರಿಕದಲ್ಲಿ ಹೊಸ ವಾಹನಗಳ ಒಳಹೊದಿಕೆಗೆ ಒಂದು ಸುರಕ್ಷಾ ನಿಯಮವಿದೆ. ಬೆಂಕಿಯು ನಿಮಿಷಕ್ಕೆ ೧೦೨ ಮಿಲಿಮೀಟರಿಗಿಂತ ವೇಗವಾಗಿ ಹರಡಬಾರದೆಂಬುದು ಅದರ ಸಾರ. ಆ ಪರೀಕ್ಷೆಗೆ ಒಳಪಟ್ಟ ಬಟ್ಟೆಯನ್ನೇ ಆರಿಸಬೇಕು. ಆಸನದ ಪಕ್ಕದಲ್ಲಿ ಗಾಳಿಚೀಲವಿದ್ದರೆ ಹೊದಿಕೆಯು ಅದನ್ನು ಮುಚ್ಚದಂತೆ ನೋಡಿಕೊಳ್ಳಬೇಕು. ವಾಹನ ನಿಂತಿರುವಾಗ ಕಿಟಕಿಗೆ ಪರದೆಯನ್ನೂ ಒಳಗೆ ಗಾಳಿಯಾಟವನ್ನೂ ಒದಗಿಸಿದರೆ ಉಳಿದ ಹೊದಿಕೆಯೂ ಕೆಲಕಾಲ ಹೆಚ್ಚು ಬಾಳುತ್ತದೆ. ಒಗೆಯಬಹುದಾದ ಹತ್ತಿಯ ಮೇಲುಹೊದಿಕೆಯೊಂದಿದ್ದರೆ ಶುಚಿತ್ವದ ಚಿಂತೆಯೂ ಕಳೆಯುತ್ತದೆ.

ಬಸದಿಗಳ ಮತ್ತು ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ಒಂದು ವಿಜ್ಞಾಪನೆ. ವಾಹನವಾಗಲಿ, ಅತಿಥಿಗೃಹದ ಪೀಠೋಪಕರಣವಾಗಲಿ, ದಾನಿಗಳು ಕೊಟ್ಟ ಸೋಫಾವಾಗಲಿ, ಸ್ವೀಕರಿಸುವ ಮೊದಲು ಹೊದಿಕೆಯ ಘಟಕಗಳನ್ನು ಲಿಖಿತವಾಗಿ ಕೇಳಿರಿ. ‘ಲೆದರ್’ ಎಂಬ ಶಬ್ದವಿದ್ದರೆ, ಅದರ ಹಿಂದೆ ಯಾವ ವಿಶೇಷಣವಿದ್ದರೂ, ವಿವರಣೆ ಬರುವವರೆಗೆ ಹಣ ಸಂದಾಯ ಮಾಡಬೇಡಿರಿ. ಅತಿ ಕಡಿಮೆ ಬೆಲೆಯ ದರಪಟ್ಟಿಯನ್ನು ಒಪ್ಪುವುದೇ ಟ್ರಸ್ಟಿನ ಹಿತವೆಂದು ಭಾವಿಸಬೇಡಿರಿ. ಕೆಲವೇ ವರ್ಷಗಳಿಗೊಮ್ಮೆ ಬದಲಿಸಬೇಕಾದ ಅಗ್ಗದ ಆಸನವು ದೇವದ್ರವ್ಯದ ಅಪವ್ಯಯವೇ ಸರಿ. ಕೈಮಗ್ಗದ ಒಂದು ದಪ್ಪ ಬಟ್ಟೆ ಹೊದಿಸಿದ ಮರದ ಪೀಠದ ಮೇಲೆ ಕುಳಿತರೆ ಯಾರ ಗೌರವಕ್ಕೂ ಕುಂದಾಗುವುದಿಲ್ಲ, ಯಾವ ಜೀವಕ್ಕೂ ಅದರಿಂದ ಅಳಲಿಲ್ಲ.