ವಿಂಡೋ ಯಾವುದೆಂದು ವರದಿಯಲ್ಲಿ ಬರೆಯಿರಿ

ಕಾರ್ಖಾನೆಯ ಪಂಪಿಗೆ ಜೋಡಿಸಿದ ನಾಲ್ಕು ಪೋಲಿನ ಮೋಟಾರು ನಿಮಿಷಕ್ಕೆ 1480 ಸುತ್ತು ತಿರುಗುತ್ತಿದೆ ಎನ್ನೋಣ. ಸೆಕೆಂಡಿಗೆ 24.67 ಸುತ್ತಾಯಿತು. ಅದರ ಕಂಪನವನ್ನು ಸೆನ್ಸರಿನಲ್ಲಿ ಒಂದು ಸೆಕೆಂಡು ದಾಖಲಿಸಿ, ಆವರ್ತನಗಳನ್ನು ಬಿಡಿಸಿ ತೋರಿಸುವ ಎಫ್‌ಎಫ್‌ಟಿ ಲೆಕ್ಕಕ್ಕೆ ಕೊಟ್ಟರೆ ಉತ್ತರ ಸಿಗುವುದು 24, 25, 26 ಹೀಗೆ ಇಡೀ ಹರ್ಟ್ಜ್‌ಗಳಲ್ಲಿ ಮಾತ್ರ. 24.67ಕ್ಕೆ ಅಲ್ಲಿ ಜಾಗವೇ ಇಲ್ಲ. ಹಾಗಾಗಿ ಮೋಟಾರಿನ ಕಂಪನ ಉಳಿದೆಲ್ಲ ಆವರ್ತನಗಳಿಗೂ ಸೋರುತ್ತದೆ. 90 ಹರ್ಟ್ಜ್ ಆಸುಪಾಸಿನಲ್ಲೂ ಮೂಲ ಕಂಪನದ ಸಾವಿರಕ್ಕೆ ನಾಲ್ಕು ಪಾಲಿನಷ್ಟು ಸೋರಿಕೆ ಇರುತ್ತದೆ. ಬೇರಿಂಗ್ ಸವೆತದ ಸುಳಿವು ಅಲ್ಲೇ ಎಲ್ಲೋ ಸಾವಿರಕ್ಕೆ ಒಂದು ಪಾಲಿನಷ್ಟಿದ್ದರೆ ಯಾರ ಕಣ್ಣಿಗೂ ಬೀಳದು.

ಇದಕ್ಕೆ ಮದ್ದು ವಿಂಡೋ ಫಂಕ್ಷನ್. ದಾಖಲೆಯ ಎರಡೂ ತುದಿಗಳನ್ನು ಮೆಲ್ಲಗೆ ಸೊನ್ನೆಯತ್ತ ಇಳಿಸುವ ಗುಣಕ ಅದು. ಆಸ್ಟ್ರಿಯಾದ ಹವಾಮಾನ ವಿಜ್ಞಾನಿ ಯೂಲಿಯಸ್ ಫಾನ್ ಹಾನ್ ಹೆಸರಿನ ವಿಂಡೋ ಹಾಕಿದರೆ ಅದೇ ಸೋರಿಕೆ ಹತ್ತು ಲಕ್ಷಕ್ಕೆ ಒಂದರ ಮಟ್ಟಕ್ಕೆ ಕುಸಿಯುತ್ತದೆ.

ಹಾಗೆಂದು ಎಲ್ಲಕ್ಕೂ ಹಾನ್ ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಅದೇ ಮೋಟಾರಿನ ರೋಟರ್ ಬಾರ್ ಮುರಿದರೆ, ಅದು ಎಳೆಯುವ ವಿದ್ಯುತ್ತಿನಲ್ಲಿ ಪೂರೈಕೆಯ ಆವರ್ತನವಾದ 50 ಹರ್ಟ್ಜ್‌ನ ಎರಡೂ ಮಗ್ಗುಲಿಗೆ, 48.67 ಮತ್ತು 51.33ರಲ್ಲಿ, ಸಣ್ಣ ಶಿಖರಗಳು ಏಳುತ್ತವೆ. ಹಾನ್ ವಿಂಡೋ ಸೋರಿಕೆ ತಡೆಯುವ ಭರದಲ್ಲಿ ಮುಖ್ಯ ಶಿಖರದ ಬುಡವನ್ನು ಎರಡು ಪಟ್ಟು ಅಗಲ ಮಾಡುತ್ತದೆ. ಒಂದು ಸೆಕೆಂಡಿನ ದಾಖಲೆಯಲ್ಲಿ ಆ ಬುಡ 48ರಿಂದ 52ರವರೆಗೆ ಹರಡಿ ಎರಡೂ ಸುಳಿವುಗಳನ್ನು ನುಂಗುತ್ತದೆ. ಹೊರೆ ಏರಿಳಿಯದಂತೆ ನೋಡಿಕೊಂಡು ಹತ್ತು ಸೆಕೆಂಡು ದಾಖಲಿಸಿದರೆ ಅವು ಬೇರೆಯಾಗಿ ಕಾಣುತ್ತವೆ.

ಎಂಜಿನಿಯರಿಂಗ್ ತರಗತಿಗಳಲ್ಲಿ ಒತ್ತು ಬೀಳಬೇಕಾದದ್ದು ಈ ಕೊಡು-ಕೊಳ್ಳುವಿಕೆಗೆ. ಹ್ಯಾಮಿಂಗ್ ಎಂಬ ಇನ್ನೊಂದು ವಿಂಡೋದ ಸೂತ್ರದಲ್ಲಿರುವ 0.54 ಮತ್ತು 0.46 ವಿದ್ಯಾರ್ಥಿಗಳಿಗೆ ಬಾಯಿಪಾಠವಾಗಿರುತ್ತದೆ. ಯಾವ ಕೆಲಸಕ್ಕೆ ಯಾವುದು ಎಂಬ ಪ್ರಶ್ನೆ ಬಂದಾಗ ತಡವರಿಸುತ್ತಾರೆ. ಈ ಹೋಲಿಕೆ ಹೊಸದೇನಲ್ಲ: ಸಿಗ್ನಲ್ ತಜ್ಞ ಫ್ರೆಡರಿಕ್ ಹ್ಯಾರಿಸ್ ವಿಂಡೋಗಳನ್ನು ಅಕ್ಕಪಕ್ಕ ಇಟ್ಟು ತೂಗಿ ಲೇಖನ ಬರೆದದ್ದು 1978ರಲ್ಲೇ.

ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ ಎಂಬ ವಾದವೂ ನಿಲ್ಲುವುದಿಲ್ಲ. ಪೈಥಾನಿನ ಸೈಪೈ ಲೈಬ್ರರಿಯಲ್ಲಿ ವಿಂಡೋ ಯಾವುದೆಂದು ಹೇಳದೆ ಬಿಟ್ಟರೆ, ಆವರ್ತನಗಳ ಚಿತ್ರ ಕೊಡುವ ಎರಡು ಆಜ್ಞೆಗಳಲ್ಲಿ ಪೀರಿಯಡೋಗ್ರಾಮ್ ಆಜ್ಞೆ ತುದಿಗಳನ್ನು ಇಳಿಸುವುದೇ ಇಲ್ಲ, ವೆಲ್ಚ್ ಆಜ್ಞೆ ತಾನಾಗಿ ಹಾನ್ ಹಾಕುತ್ತದೆ. ಒಂದೇ ಮೋಟಾರು, ಎರಡು ಚಿತ್ರ!

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸೂತ್ರ ಕೇಳುವ ಬದಲು ಇಂಥ ಎರಡು ದಾಖಲೆ ಕೊಟ್ಟು ದೋಷ ಹುಡುಕಿಸಲಿ. ಕಂಪನ ಪರೀಕ್ಷೆಗೆ ಹಣ ಕೊಡುವ ಕಾರ್ಖಾನೆಗಳೂ, ಯಾವ ವಿಂಡೋ, ಎಷ್ಟು ಸೆಕೆಂಡಿನ ದಾಖಲೆ ಎಂದು ನಮೂದಿಸದ ವರದಿಯನ್ನು ವಾಪಸ್ ಕಳಿಸಲಿ.